ವಾಯುನಿರ್ಗಮನ ಮೀಮಾಂಸೆ, ಅಥವಾ ಪೆಟ್ರೋಲ್ ಉಗುಳುವ ದೋಣಿ

ಫ್ಲೋರಿಡಾದ ದೋಣಿಕಟ್ಟೆಗಳಲ್ಲಿ ನಿತ್ಯ ಘಟಿಸುವ ಒಂದು ವಿದ್ಯಮಾನವನ್ನು ವಿದ್ವತ್ ಲೋಕ ಇದುವರೆಗೆ ಕಣ್ಣೆತ್ತಿಯೂ ನೋಡಿಲ್ಲ. ವಿಹಾರದೋಣಿಯ ಯಜಮಾನ ಡೆಕ್ಕಿನ ಮೇಲಿನ ಬಾಯಿಗೆ ಪೆಟ್ರೋಲ್ ನಾಜಲ್ ಇಳಿಸುತ್ತಾನೆ. ‘ಟಕ್’ ಎಂದು ಅದು ನಿಲ್ಲುತ್ತದೆ. ಮತ್ತೆ ಒತ್ತುತ್ತಾನೆ, ಮತ್ತೆ ಟಕ್. ಮೂರನೆಯ ಸಲ ಪೆಟ್ರೋಲು ಮೇಲಕ್ಕೆ ಚಿಮ್ಮಿ ಅಂಗಿ ತೋಯಿಸುತ್ತದೆ. ಮೀಟರಿನ ಮುಳ್ಳು ಮಾತ್ರ ಟ್ಯಾಂಕು ಅರೆಖಾಲಿ ಎಂದೇ ಸಾರುತ್ತಿರುತ್ತದೆ. ಈ ಟಕ್ಕಿನ ಮೂಲಶೋಧನೆಯೇ ಪ್ರಸ್ತುತ ಪ್ರಬಂಧದ ವ್ಯಾಪ್ತಿ. ಅಂಗಿಯ ವಿಚಾರವನ್ನು ಎರಡನೆಯ ಸಂಪುಟಕ್ಕೆ ಬಿಡಲಾಗಿದೆ.

ಪೂರ್ವಪಕ್ಷ: ದೋಷ ಪಂಪಿನದು. ಇದು ಯಜಮಾನರ ಸಂಪ್ರದಾಯ. ಆಧಾರ ಕಡಿಮೆ, ದನಿ ಜೋರು. ಖಂಡನೆ ಹೀಗೆ: ನಾಜಲಿನ ತುದಿಯಲ್ಲೊಂದು ಸಣ್ಣ ರಂಧ್ರವಿದೆ. ಹರಿಯುವ ಪೆಟ್ರೋಲಿನ ಎಳೆತ ಅದರ ಮೂಲಕ ಗಾಳಿ ಹೀರುತ್ತಿರುತ್ತದೆ. ಇಟಲಿಯ ವೆಂಚುರಿ 1797ರಲ್ಲಿ ಪ್ರಕಟಿಸಿದ ತತ್ತ್ವವೇ ಇದು. ಆ ರಂಧ್ರವನ್ನು ಪೆಟ್ರೋಲು ಮುಚ್ಚಿತೋ, ಗಾಳಿ ಸಿಗದೆ ಎಳೆತ ಹೆಚ್ಚಿ, ಒಳಗಿನ ಪೊರೆ ಸರಿದು ಕವಾಟ ಬೀಳುತ್ತದೆ. ಪಂಪು ಹೇಳುವುದಿಷ್ಟೇ: ‘ಸ್ವಾಮಿ, ಕತ್ತಿನವರೆಗೆ ಬಂತು.’ ಕತ್ತಿನ ಕೆಳಗೆ ಹೊಟ್ಟೆ ಖಾಲಿಯಿರುವುದು ಅದರ ಅರಿವಿಗೆ ನಿಲುಕದ ವಿಷಯ.

ಸಿದ್ಧಾಂತ: ಬೋರಲಾಗಿ ಬಾವಿಗಿಳಿಸಿದ ಕೊಡಕ್ಕೆ ನೀರು ಹೊಗದು. ಹಾಗೆಯೇ ಒಳಗಿನ ಗಾಳಿ ಹೊರಹೋಗದೆ ಟ್ಯಾಂಕಿಗೆ ಪೆಟ್ರೋಲು ಇಳಿಯದು, ಕತ್ತಿನಲ್ಲೇ ನಿಲ್ಲುತ್ತದೆ. ದೋಣಿಯಲ್ಲಿ ಪೆಟ್ರೋಲು ಬರುವ ಪೈಪು ಸಾಮಾನ್ಯವಾಗಿ 38 ಮಿ.ಮೀ., ಗಾಳಿ ಹೋಗುವ ವೆಂಟ್ ಪೈಪು 16 ಮಿ.ಮೀ. ಈ ಬಡಕಲು ಪೈಪಿನ ಯೋಗಕ್ಷೇಮವನ್ನು ಮನುಷ್ಯರು ವಿಚಾರಿಸುವುದು ಅಪರೂಪ, ವಿಚಾರಿಸುವವು ಕೀಟಗಳು. ಮಣ್ಣುಗೂಡು ಕಟ್ಟುವ ಕಡಜಕ್ಕಂತೂ ಅದರ ಬಾಯಿ ಹೇಳಿ ಮಾಡಿಸಿದ ಅಳತೆ. ಜೇಡವನ್ನೂ ಲಘುವಾಗಿ ಎಣಿಸಬಾರದು: 2011ರಲ್ಲಿ ಮಜ್ದಾ ಕಂಪನಿ ಸಾವಿರಾರು ಕಾರುಗಳನ್ನು ವಾಪಸು ಕರೆಸಿದ್ದು, ವೆಂಟ್ ಪೈಪಿನಲ್ಲಿ ಹಳದಿ ಜೇಡ ಬಲೆ ನೇಯುತ್ತಿದೆ ಎಂಬ ಕಾರಣಕ್ಕೆ. ಪೆಟ್ರೋಲಿನ ವಾಸನೆಗೆ ಮನಸೋತು ಬಂತೆಂಬುದು ಅಂದಿನ ಊಹೆ. (ಜೇಡದ ಹೇಳಿಕೆ ಲಭ್ಯವಿಲ್ಲ.)

ಆದರೆ ಕೀಟವಾದವೂ ಪೂರ್ಣಸತ್ಯವಲ್ಲ. ವೆಂಟ್ ಪೈಪು ನಡುವೆ ಜೋತುಬಿದ್ದರೆ ಆ ತಗ್ಗಿನಲ್ಲಿ ಪೆಟ್ರೋಲು ನಿಂತು ಗಾಳಿಗೆ ಅಡ್ಡಗಟ್ಟುತ್ತದೆ. ಕೀಟವಾದಿ ಕಡ್ಡಿ ಹಾಕಿ ಕೆದಕಿ, ಗೂಡು ಸಿಗದೆ ಮನೆಗೆ ಹೋದ ಮೇಲೂ ಟಕ್ ನಿಲ್ಲದಿರುವುದು ಇದರಿಂದಲೇ. ಪರಿಹಾರ ಸರಳ: ಟ್ಯಾಂಕಿನಿಂದ ಹೊರಬಾಯಿಯವರೆಗೆ ಪೈಪು ಎಲ್ಲೂ ತಗ್ಗದೆ ಏರುತ್ತಲೇ ಹೋಗುವಂತೆ ಕ್ಲಿಪ್ಪು ಹಾಕಿ ಕಟ್ಟುವುದು. ಇನ್ನು ಟ್ರೇಲರಿನ ಮೇಲೆ ಮೂತಿ ಎತ್ತಿ ನಿಂತ ದೋಣಿಯಲ್ಲಿ, ಟ್ಯಾಂಕಿನ ವೆಂಟ್ ತೂತು ಹಿಂಬದಿಗಿದ್ದರೆ ಅದು ಪೆಟ್ರೋಲಿನಲ್ಲಿ ಮುಳುಗಿ, ಗಾಳಿ ಮುಂದಿನ ಮೂಲೆಯಲ್ಲಿ ಸೆರೆಯಾಗುತ್ತದೆ. ದೋಣಿಯನ್ನು ಮಟ್ಟಕ್ಕೆ ತಂದರೆ ಸಾಕು, ಮೆಕ್ಯಾನಿಕ್ಕಿಗೆ ಕೊಡುವ ಹಣ ಉಳಿಯಿತು.

ಹೊರಹೋಗಲು ದಾರಿಯಿಲ್ಲದ ಗಾಳಿಗೆ ಒಳಬರಲೂ ದಾರಿಯಿಲ್ಲ. ಎಂಜಿನ್ ಪೆಟ್ರೋಲು ಹೀರಿದಷ್ಟೂ ಟ್ಯಾಂಕಿನೊಳಗೆ ಒತ್ತಡ ಕುಸಿದು, ನಡುನೀರಿನಲ್ಲಿ ಎಂಜಿನ್ನೇ ನಿಲ್ಲುತ್ತದೆ. ಮುಚ್ಚಳ ತಿರುವಿದರೆ ‘ಹುಸ್’. ಎಂಜಿನ್ ಮತ್ತೆ ಚಾಲು. ಟಕ್ ಮತ್ತು ಹುಸ್ ಎರಡಲ್ಲ, ಒಂದೇ. ಈ ಅದ್ವೈತವೇ ಪ್ರಬಂಧದ ಮೌಲಿಕ ಕೊಡುಗೆ. ಡಾಕ್ಟರೇಟಿಗೆ ಇಷ್ಟು ಧಾರಾಳ.

ಇಷ್ಟೆಲ್ಲ ವಾದಗಳ ನಡುವೆ ಒಂದರಲ್ಲಿ ಮಾತ್ರ ಪಾಠಾಂತರವಿಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ದೋಣಿಯ ತಳಕ್ಕಿಳಿದು ಕಿಡಿಗಾಗಿ ಕಾಯುತ್ತದೆ. ಆದ್ದರಿಂದ ವಾಚಕ ಮಹಾಶಯರೇ, ತುಂಬಿಸುವಾಗ ಬಾಗಿಲು, ಕಿಟಕಿ ಮುಚ್ಚಿರಿ. ತುಂಬಿದ ಮೇಲೆ ಎಲ್ಲ ತೆರೆದು, ಬ್ಲೋವರ್ ನಾಲ್ಕು ನಿಮಿಷ ಓಡಿಸಿ, ತಳವನ್ನು ಮೂಸಿ ನೋಡಿ, ಆಮೇಲೆ ಕೀಲಿ ತಿರುಗಿಸಿ.