ವಸಂತಕಾಲದ ಹಿಮಜಾರು ಮುಹೂರ್ತ ನಿರ್ಣಯ: ಒಂದು ಸಶಾಸ್ತ್ರೀಯ ವಿವೇಚನೆ

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಶ್ರೇಣಿಯಲ್ಲಿ, ಟಾಹೋ ಸರೋವರದ ಸಮೀಪ, ಪ್ಯಾಲಿಸೇಡ್ಸ್ ಟಾಹೋ ಎಂಬ ಕ್ಷೇತ್ರವಿದೆ. ಅದರ ಸ್ಥಳಪುರಾಣ ಸಂಕ್ಷೇಪವಾಗಿ ಹೀಗೆ: 1949ರಲ್ಲಿ ಅಲೆಕ್ಸ್ ಕುಶಿಂಗ್ ಎಂಬ ವಕೀಲರು ಇಲ್ಲಿ ಸ್ಕೀ ರೆಸಾರ್ಟ್ ತೆರೆದರು. ಕೈಯಲ್ಲಿದ್ದದ್ದು ಒಂದೇ ಒಂದು ಚೇರ್‌ಲಿಫ್ಟ್. ಅಷ್ಟರ ಬಲದ ಮೇಲೆಯೇ 1960ರ ಚಳಿಗಾಲದ ಒಲಿಂಪಿಕ್ಸ್ ನಮಗೇ ಬೇಕೆಂದು ಹಟ ಹಿಡಿದರು, ಸಿಕ್ಕಿಯೂ ಬಿಟ್ಟಿತು. 2021ರಲ್ಲಿ ಕ್ಷೇತ್ರದ ಹೆಸರು ಬದಲಾಯಿತು. ಮಹಿಮೆಗೇನೂ ಕುಂದಿಲ್ಲ.

ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಇಲ್ಲಿ ಎಷ್ಟು ಗಂಟೆಗೆ ಜಾರತಕ್ಕದ್ದು ಎಂಬುದೇ ಪ್ರಸ್ತುತ ಜಿಜ್ಞಾಸೆ. ಪಾಮರರು ಸ್ಕೀಯಿಂಗನ್ನು ಕ್ರೀಡೆಯೆಂದು ಭ್ರಮಿಸಿದ್ದಾರೆ. ವಸ್ತುತಃ ಅದು ಮುಹೂರ್ತಶಾಸ್ತ್ರದ ಒಂದು ಶಾಖೆ. ಊರಿನಲ್ಲಿ ಅಪ್ಪ ರಾಹುಕಾಲ ಕಳೆಯಲಿ ಎಂದು ಬಾಗಿಲಲ್ಲೇ ನಿಂತರೆ ನಗುತ್ತಿದ್ದ ಬೇ ಏರಿಯಾದ ಕನ್ನಡಿಗ ಎಂಜಿನಿಯರು, ಇಲ್ಲಿನ ಪಾರ್ಕಿಂಗ್ ಲಾಟಿನಲ್ಲಿ "ಈಗಲೇ ಬೇಡ ಕಣೇ, ಇನ್ನರ್ಧ ಗಂಟೆ ತಡಿ" ಎಂದು ಹೆಂಡತಿಯನ್ನು ಕೂರಿಸುವುದು ಇದಕ್ಕೆ ಸಾಕ್ಷಿ.

ಮುಹೂರ್ತಕ್ಕೆ ಅಧಿದೇವತೆ ಕಾರ್ನ್ ಸ್ನೋ. ಹಗಲಿನ ಬಿಸಿಲಿಗೆ ಹಿಮದ ಕಣಗಳ ಅಂಚು ಕರಗಿ ನಡುವೆ ನೀರು ನಿಲ್ಲುತ್ತದೆ. ರಾತ್ರಿ ಅದು ಹೆಪ್ಪುಗಟ್ಟಿ ಕಣಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಹೀಗೆ ಹಲವು ಹಗಲು ರಾತ್ರಿ ಕಳೆದಾಗ ಚೂಪು ಹರಳುಗಳೆಲ್ಲ ಉರುಟಾಗಿ, ನೆನೆಸಿದ ಸಬ್ಬಕ್ಕಿಯಂತೆ ದಪ್ಪ ಕಾಳಾಗುತ್ತವೆ. ರಾತ್ರಿ ಆಕಾಶ ನಿರ್ಮಲವಾಗಿರಬೇಕೆಂಬುದು ಕಡ್ಡಾಯ. ಆಗ ಹಿಮ ತನ್ನ ಶಾಖವನ್ನು ನೇರ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಗಾಳಿಯ ಉಷ್ಣಾಂಶ ಸೊನ್ನೆಗಿಂತ ಕೊಂಚ ಮೇಲಿದ್ದರೂ ಮೇಲ್ಪದರ ಗಟ್ಟಿಯಾಗುತ್ತದೆ. ಮೋಡ ಕವಿದರೆ ಆ ಶಾಖ ಹಿಂದಿರುಗುತ್ತದೆ, ಮುಹೂರ್ತ ಕೆಡುತ್ತದೆ. ಮೋಡಕ್ಕೆ ಶಾಂತಿ ಮಾಡಿಸುವ ವಿಧಾನ ಈವರೆಗೆ ದೊರೆತಿಲ್ಲ.

ಹಿಮ ಪಕ್ವವಾಯಿತೆಂದು ತಿಳಿಯುವುದು ಹೇಗೆ? ಸ್ಕೀ ಕೋಲನ್ನು ಚುಚ್ಚಿ ನೋಡುವುದು ಪ್ರತ್ಯಕ್ಷ ಪ್ರಮಾಣ: ಮೇಲಿನ ಒಂದೆರಡು ಅಂಗುಲ ಮೆತ್ತಗೆ, ಕೆಳಗೆ ಗಟ್ಟಿ ಇದ್ದರೆ ಶುಭ. ಲಾಡ್ಜಿನ ಸೂರಿನಿಂದ ನೀರು ತೊಟ್ಟಿಕ್ಕುವುದನ್ನು ಕಂಡು ಊಹಿಸುವುದು ಅನುಮಾನ. ರೆಸಾರ್ಟುಗಳು ಬೆಳಗಿನ ಜಾವ ಹೊರಡಿಸುವ ಹಿಮವರದಿ ಶಬ್ದ ಪ್ರಮಾಣವಾಗಬಹುದಿತ್ತು. ಆದರೆ ಆಪ್ತವಾಕ್ಯ ಮಾತ್ರ ಪ್ರಮಾಣ. ಟಿಕೆಟ್ ಮಾರುವವರು ಆಪ್ತರೇ ಎಂಬಲ್ಲಿ ನೈಯಾಯಿಕರಿಗೆ ಸಂಶಯವಿದೆ.

ಬೆಳಗ್ಗೆ ಎಂಟೂವರೆಗೇ ಮೇಲೇರಿದವರಿಗೆ ಸಿಗುವುದು ಮಂಜುಗಡ್ಡೆ. ಅವರ ಹಲ್ಲು ಕಟಕಟಿಸುವ ಸದ್ದು ಮುಂದಿನ ಚೇರಿನವರಿಗೂ ಕೇಳುತ್ತದೆ. ಇಂಥವರಿಗೆ ಒಂದು ಪೂರ್ವನಿದರ್ಶನ ಆಸರೆಯಾಗಬಲ್ಲದು: ಸ್ಯಾಂಡಿ ಪೌಲ್ಸನ್ ಎಂಬಾಕೆ ಇಲ್ಲಿನ ಕಡಿದಾದ ಬೆಟ್ಟವೊಂದನ್ನು 22 ಕಿಕ್ ಟರ್ನ್ ಹಾಕಿ, ಎಂದರೆ ನಿಂತಲ್ಲೇ ಒಂದೊಂದು ಕಾಲನ್ನು ಎತ್ತಿ ತಿರುಗಿಸಿಟ್ಟು, ಇಳಿದರು. ಬೆಟ್ಟಕ್ಕೆ ಕೆಟಿ-22 ಎಂದೇ ಹೆಸರಾಯಿತು. ಮಾನ ಉಳಿಸಿಕೊಂಡು ಇಳಿದ ಬಗೆಯೇ ಶಿಖರದ ಹೆಸರಾಗುವುದು ಅಪರೂಪ.

ಬಲ್ಲವರು ಹಾಗೆ ಹೊತ್ತಿಗೆ ಮುಂಚೆ ಮೇಲೇರುವುದಿಲ್ಲ. ಸೂರ್ಯ ಮೊದಲು ಮುಟ್ಟುವ ಪೂರ್ವದ ಇಳಿಜಾರು ಮೊದಲು, ಆಮೇಲೆ ದಕ್ಷಿಣ, ಮಧ್ಯಾಹ್ನ ಪಶ್ಚಿಮ. ಎಂದರೆ ಜಾರುವವರು ಬೆಟ್ಟಕ್ಕೆ ಬಲದಿಂದ ಪ್ರದಕ್ಷಿಣೆ ಬರುತ್ತಾರೆ. ಉತ್ತರ ದಿಕ್ಕಿನ ಹಿಮ ತಣ್ಣಗೇ ಉಳಿದು ಬೇರೆ ಸಂಪ್ರದಾಯಕ್ಕೆ ಸೇರುತ್ತದೆ. ಅಪ್ರದಕ್ಷಿಣೆ ಬಂದವರಿಗೆ ಆಯಾ ದಿಕ್ಕಿನಲ್ಲಿ ಒಮ್ಮೆ ಮಂಜುಗಡ್ಡೆ, ಒಮ್ಮೆ ಕೆಸರು ಪ್ರಾಪ್ತಿ. ಇದಕ್ಕಿಂತ ತ್ವರಿತವಾಗಿ ಫಲ ಕೊಡುವ ಪಾಪ ಧರ್ಮಶಾಸ್ತ್ರಗಳಲ್ಲಿಯೂ ಇಲ್ಲ.

ಮಧ್ಯಾಹ್ನ ಕಳೆದರೆ ರಾಹುಕಾಲ. ನೀರೂರಿದ ಹಿಮ ಸ್ಕೀಯ ತಳವನ್ನು ಹಿಡಿದೆಳೆಯುತ್ತದೆ. ಸ್ಕೀ ನಿಲ್ಲುತ್ತದೆ, ದೇಹ ಮುಂದುವರಿಯುತ್ತದೆ. ಮಂಡಿ ವೈದ್ಯರಿಗೆ ಇದು ಶುಭಕಾಲವೆಂಬ ಮತವೂ ಉಂಟು.

ಇಲ್ಲೊಂದು ಪೂರ್ವಪಕ್ಷ. ಮಗನ ಮನೆಗೆಂದು ಬಂದು, ಸ್ವೆಟರು ಮಂಕಿಕ್ಯಾಪು ಸಮೇತ ಲಾಡ್ಜಿನ ಕಟ್ಟೆಯ ಮೇಲೆ ಪುಳಿಯೋಗರೆ ಡಬ್ಬಿ ಕಾಯುತ್ತ ಕೂತ ಮೈಸೂರಿನ ತಾಯಿಯವರು ಕೇಳುತ್ತಾರೆ: "ಅಲ್ವೋ, ಕೆಳಕ್ಕೇ ಬರೋದಾದ್ರೆ ಅಷ್ಟು ದುಡ್ಡು ಕೊಟ್ಟು ಮೇಲಕ್ಕೆ ಯಾಕೆ ಹೋಗ್ತೀರ?" ಸಿದ್ಧಾಂತಿಗಳು ಈ ಆಕ್ಷೇಪವನ್ನು ಪಾಠಾಂತರವೆಂದು ಹೇಳಿ ಬದಿಗಿಟ್ಟಿದ್ದಾರೆ. ತಾಯಿಯವರ ಸುತ್ತ ಅರ್ಧ ತೋಳಿನ ಹೂವಿನ ಅಂಗಿ ತೊಟ್ಟ ಅಮೆರಿಕನ್ನರು ಮೈ ಕಾಯಿಸುತ್ತಿರುತ್ತಾರೆ. ಎತ್ತರ ಸಾವಿರ ಮೀಟರ್ ಏರಿದರೆ ನೇರಳಾತೀತ ಕಿರಣ ಸುಮಾರು ಶೇಕಡಾ 10ರಷ್ಟು ಏರುತ್ತದೆ. ಹಿಮ ಅದನ್ನು ಕೆಳಗಿನಿಂದಲೂ ಎಸೆಯುತ್ತದೆ. ಹೀಗಾಗಿ ಗಲ್ಲದಡಿ, ಮೂಗಿನ ಹೊಳ್ಳೆಯಂಚು ಮುಂತಾದ ಸೂರ್ಯದರ್ಶನವಿಲ್ಲದ ಪ್ರದೇಶಗಳೂ ಸುಡುತ್ತವೆ. ಆ ಗುಂಪಿನಲ್ಲಿ ಚರ್ಮ ಸುಲಿಯದೆ ಮನೆಗೆ ಮರಳುವವರು ಮಂಕಿಕ್ಯಾಪಿನವರೊಬ್ಬರೇ.

ಋತು ಮುಗಿಯುವ ಹೊತ್ತಿಗೆ ಕರಗಿದ ನೀರನ್ನು ಏನು ಮಾಡಬೇಕೆಂಬ ಪ್ರಶ್ನೆ ಉಳಿಯುತ್ತದೆ. ಇದಕ್ಕಾಗಿ ಕುಶಿಂಗ್ ಕ್ರಾಸಿಂಗ್ ಎಂಬ ಆಚರಣೆ ವಿಧಿಸಲಾಗಿದೆ: ವಿಚಿತ್ರ ವೇಷ ತೊಟ್ಟು, ಇಳಿಜಾರಿನಲ್ಲಿ ವೇಗ ಕೂಡಿಸಿ, ಸ್ಕೀ ಮೇಲೆಯೇ ಕೊಳ ದಾಟತಕ್ಕದ್ದು. ಇದಕ್ಕೆ ಮುಹೂರ್ತ ನೋಡುವ ಪದ್ಧತಿಯಿಲ್ಲ. ಎಲ್ಲ ಮುಹೂರ್ತಗಳೂ ಕರಗಿದ ಮೇಲಿನ ಕರ್ಮವಿದು. ದಡ ಸೇರಿದವರು ಜಾರುಗಾರರು, ನಡುವೆ ಮುಳುಗಿದವರು ಈಜುಗಾರರು ಎಂದು ವಿದ್ವಾಂಸರು ವರ್ಗೀಕರಿಸಿದ್ದಾರೆ. ಸುತ್ತ ನೆರೆದ ಜನಕ್ಕೆ ವರ್ಗೀಕರಣದಲ್ಲಿ ಆಸಕ್ತಿಯಿಲ್ಲ. ಅವರು ಮುಳುಗಿದವರಿಗೇ ಹೆಚ್ಚು ಚಪ್ಪಾಳೆ ತಟ್ಟುತ್ತಾರೆ.