'ನಾಳೆ ಬಾ' ಸೂತ್ರ: ಒಂದು ಸರ್ವರ್ ಮೀಮಾಂಸೆ

1. ಪೀಠಿಕೆ

ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದರೆ ದೆವ್ವ ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ. ಇದನ್ನು ಮೂಢನಂಬಿಕೆ ಎಂದವರು ವೆಬ್ ಸರ್ವರ್ ಕಂಡವರಲ್ಲ. ಭಾರ ತಡೆಯಲಾರದ ಸರ್ವರ್ 503 ಎಂಬ ಉತ್ತರ ಕೊಟ್ಟು, ಜೊತೆಗೆ 'ರಿಟ್ರೈ-ಆಫ್ಟರ್' ಎಂಬ ಹೆಡರನ್ನೂ ಕಳಿಸಬಹುದು: ಇಷ್ಟು ಸೆಕೆಂಡು ಬಿಟ್ಟು ಬಾ. ನಮ್ಮ ಹಿರಿಯರಿಗೆ ಎಚ್‌ಟಿಟಿಪಿ ತಿಳಿದಿತ್ತೆನ್ನಲು ಇನ್ನೇನು ಪುರಾವೆ ಬೇಕು? ಬಾಗಿಲೇ ಸರ್ವರ್, ಇದ್ದಿಲ ಅಕ್ಷರವೇ ಹೆಡರ್ ಎಂದು ಪ್ರಕೃತ ಪ್ರಬಂಧಕಾರನು ಸಾಧಿಸುತ್ತಾನೆ.

2. ಪೂರ್ವಪಕ್ಷ ಮತ್ತು ಖಂಡನೆ

"ಪುಟ ತೆರೆಯುವ ಸರಾಸರಿ ವೇಳೆ ಚೆನ್ನಾಗಿದೆಯಲ್ಲ, ಸರ್ವರ್‌ಗೆ ಕಾವಲೇಕೆ?" ಎಂಬವರುಂಟು. 99 ಮಂದಿಗೆ 0.1 ಸೆಕೆಂಡಿನಲ್ಲಿ ಪುಟ ತೆರೆದು, ಒಬ್ಬನಿಗೆ 30 ಸೆಕೆಂಡು ಹಿಡಿದರೂ ಸರಾಸರಿ 0.4 ಸೆಕೆಂಡೇ. ಫೋನ್ ಮಾಡಿ ಬೈಯುವವನು ಮಾತ್ರ ಆ ಒಬ್ಬನೇ.

3. ಭಾರಸಿದ್ಧಾಂತ

ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ 1909ರಲ್ಲಿ ಸರದಿ ಸಾಲಿನ ಗಣಿತಕ್ಕೆ ಅಡಿಪಾಯ ಹಾಕಿದ. ಆ ಗಣಿತದ ಅತಿ ಸರಳ ಮಾದರಿಯಂತೆ ಸರ್ವರ್ 50 ಪರ್ಸೆಂಟ್ ದುಡಿಯುವಾಗ ಕೆಲಸಕ್ಕೆ ಇಮ್ಮಡಿ ಹೊತ್ತು. 90ಕ್ಕೆ ಹತ್ತು ಪಟ್ಟು. 99ಕ್ಕೆ ನೂರು ಪಟ್ಟು. "ಇನ್ನೂ ಹತ್ತು ಪರ್ಸೆಂಟ್ ಖಾಲಿ ಇದೆಯಲ್ರೀ" ಎನ್ನುವ ಹೊತ್ತಿಗೆ ದೆವ್ವಗಳ ಸಾಲು ಬೀದಿ ತಿರುವು ದಾಟಿರುತ್ತದೆ.

4. ಪ್ರಯೋಗ

ಫಲಿತಾಂಶ ಪ್ರಕಟವಾದ ಒಂದು ಬೆಳಿಗ್ಗೆ ಪ್ರಬಂಧಕಾರನು 'ಅಪ್‌ಟೈಮ್' ಎಂದು ಟೈಪಿಸಿದನು. ಲೋಡ್ ಆವರೇಜ್: 38, 17, 6. ನಡೆಯುತ್ತಿರುವ, ಕಾಯುತ್ತಿರುವ ಕೆಲಸಗಳ ಸರಾಸರಿ; ಕ್ರಮವಾಗಿ ಕಳೆದ 1, 5, 15 ನಿಮಿಷದ ಲೆಕ್ಕ. ಯಂತ್ರಕ್ಕಿರುವುದು ನಾಲ್ಕೇ ಕೋರು. "60 ಸೆಕೆಂಡು ಬಿಟ್ಟು ಬನ್ನಿ" ಎಂದು ಬೋರ್ಡು ತಗುಲಿಸಿದ್ದಾಯಿತು. ಮೊಬೈಲ್ ಆಪ್‌ಗಳು ವಿಧೇಯ ದೆವ್ವಗಳು. ಸರಿಯಾಗಿ ಅರವತ್ತನೇ ಸೆಕೆಂಡಿಗೆ ಎಲ್ಲವೂ ಒಟ್ಟಿಗೇ ಬಂದವು, ಆಗಷ್ಟೇ ಬಂದ ಹೊಸ ದೆವ್ವಗಳ ಜೊತೆಗೆ. ಬಾಗಿಲೇ ಮುರಿಯಿತು.

5. ಉಪಸಂಹಾರ

ಆದ್ದರಿಂದ ಸಿದ್ಧವಾದದ್ದೇನೆಂದರೆ, ಮುಂದೂಡಿದ ಭಾರ ಮಾಯವಾದ ಭಾರವಲ್ಲ. ಹಿರಿಯರ ಲೋಪ ಒಂದೇ: ದಿನಕ್ಕೆಷ್ಟು ದೆವ್ವ ಬಂದವೆಂದು ಬಾಗಿಲ ಹಿಂದೆ ಗೆರೆ ಎಳೆದಿಡಲಿಲ್ಲ. ಎಳೆದಿದ್ದರೆ ಗೆರೆಗಳು ಏರುವುದನ್ನು ನೋಡಿ, 70 ಪರ್ಸೆಂಟ್ ಮುಟ್ಟುವಾಗಲೇ ಇನ್ನೊಂದು ಬಾಗಿಲು ಇಡಿಸಬಹುದಿತ್ತು.

ಪ್ರಬಂಧಕಾರನು ಆರು ತಿಂಗಳ ಗೆರೆಗಳನ್ನು ಲಗತ್ತಿಸಿ, ಎರಡನೇ ಸರ್ವರ್ ಕೋರಿ, ಹಣಕಾಸಿನವರ ಮೇಜಿಗೆ ಕಡತ ಒಯ್ದನು. ಅವರು ತಲೆಯೆತ್ತದೆ ಎರಡು ಮಾತು ಹೇಳಿದರು.

"ನಾಳೆ ಬನ್ನಿ."

ಪ್ರಬಂಧಕಾರನು ಕೇಳಿದನು, ಹಿಂದಿರುಗಿದನು; ನಾಳೆ ಮತ್ತೆ ಹೋಗತಕ್ಕವನಿದ್ದಾನೆ.