ಚಿನ್ನ ಅಸಲಿಯೇ ಎಂದು ಕೇಳುವವರಿಗೆ ಒಂದು ಬಹಿರಂಗ ಪತ್ರ

ದೇವರ ಮನೆಗೆ ಮೈಸೂರು ಶೈಲಿಯ ಚಿತ್ರ ಕೊಳ್ಳಲು ಹೊರಟ ಮಹನೀಯರೇ,

ಚಿತ್ರದ ಮುಂದೆ ನಿಂತೊಡನೆ ನೀವು ಚಿನ್ನ ಅಸಲಿಯೇ ಎಂದು ಕೇಳುತ್ತೀರಿ. ದುಡ್ಡು ಕೊಡುವವರು ಕೇಳಬೇಕಾದದ್ದೇ. ಆದರೆ ಪೂಜೆಗೆಂದು ಕೊಳ್ಳುವ ಚಿತ್ರದೊಳಗೆ ಶ್ರದ್ಧೆ ಹೇಗೆ ಸೇರುತ್ತದೆ ಎಂಬುದನ್ನೂ ವಿಚಾರಿಸಿ ಎಂದು ಬೇಡಿಕೊಳ್ಳಲು ಈ ಪತ್ರ.

ಚಿತ್ರ ಶುರುವಾಗುವುದು ಧ್ಯಾನಶ್ಲೋಕದಿಂದ. ದೇವತೆಗೆ ಎಷ್ಟು ಕೈ, ಯಾವ ಕೈಯಲ್ಲಿ ಯಾವ ಆಯುಧ, ಮೈಬಣ್ಣ ಯಾವುದು ಎಂಬುದನ್ನು ಅದು ಹೇಳುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ ಗ್ರಂಥವು ಇಂಥ ಶ್ಲೋಕಗಳನ್ನು ಚಿತ್ರಗಳ ಸಮೇತ ಒಂದೆಡೆ ಕೂಡಿಸಿತು. ಹಾಗೆಂದು ಕಲಾವಿದನಿಗೆ ಮಾಡಲು ಏನೂ ಉಳಿದಿಲ್ಲವೆಂದಲ್ಲ. ಮುಖ ಪ್ರಸನ್ನವಾಗಿರಬೇಕು ಎಂದಷ್ಟೇ ಶ್ಲೋಕ ಹೇಳೀತು. ರೆಪ್ಪೆ ಎಷ್ಟು ಬಾಗಬೇಕು, ತುಟಿಯಂಚು ಎಷ್ಟು ಅರಳಬೇಕು ಎಂಬುದನ್ನು ಕಲಾವಿದ ತನ್ನ ಮನಸ್ಸಿನಲ್ಲೇ ಕಂಡುಕೊಳ್ಳಬೇಕು. ನಂಬಿಕೆ ಕೆಲಸಕ್ಕೆ ಬರುವುದು ಅಲ್ಲಿ.

ಆಮೇಲೆ ಬರುವುದು ಕೈಯ ತಪಸ್ಸು. ಸಫೇದ ಪುಡಿಗೆ ಗೋಂದು ಬೆರೆಸಿದ ಗೆಸ್ಸೋದಿಂದ ಒಡವೆ, ಸೆರಗು, ಪ್ರಭಾವಳಿಗಳನ್ನು ಎಳೆ ಎಳೆಯಾಗಿ ಉಬ್ಬಿಸಬೇಕು. ತಂಜಾವೂರಿನ ಚಿತ್ರಗಳಷ್ಟು ಉಬ್ಬು ಇಲ್ಲಿಲ್ಲ. ಮೈಸೂರಿನ ಗೆಸ್ಸೋ ತೆಳು, ಹಾಗಾಗಿ ಕೈ ಸ್ವಲ್ಪ ನಡುಗಿದರೂ ಎದ್ದು ಕಾಣುತ್ತದೆ. ಅದರ ಮೇಲೆ ಕೂರಿಸುವ ಚಿನ್ನದ ಹಾಳೆ ಉಸಿರು ತಾಗಿದರೂ ಹಾರುವಷ್ಟು ಹಗುರ. ಅವಸರಪಡುವ ಮನಸ್ಸಿಗೆ ಈ ಕೆಲಸ ಒಲಿಯದು. ಕಣ್ಣು ತೆರೆಸುವ ಕೆಲಸವನ್ನು ಅನೇಕರು ಕೊನೆಗೆ ಉಳಿಸಿಕೊಳ್ಳುತ್ತಾರೆ, ಮೂರ್ತಿಗೆ ನೇತ್ರೋನ್ಮೀಲನ ಮಾಡುವ ಶಿಲ್ಪಿಯ ಹಾಗೆ. ಇಷ್ಟೆಲ್ಲ ಮಾಡಿದ ಹಳೆಯ ಕಲಾವಿದರಲ್ಲಿ ಹೆಚ್ಚಿನವರು ಚಿತ್ರದ ಮೂಲೆಯಲ್ಲಿ ತಮ್ಮ ಹೆಸರನ್ನೂ ಬರೆಯಲಿಲ್ಲ.

ಯಂತ್ರದಲ್ಲಿ ಅಚ್ಚಾದ ದೇವರ ಪಟಕ್ಕೆ ಕೈಮುಗಿಯುವವರ ಭಕ್ತಿಯನ್ನು ನಾನು ಕಡಿಮೆ ಎನ್ನಲಾರೆ. ಆದರೆ ಅಚ್ಚಿನ ಮೇಲೆ ಹೊಳಪು ಬಳಿದು ಮೈಸೂರು ಚಿತ್ರವೆಂದು ಮಾರುವುದು ಮೋಸ. ಈ ಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ ನಿಜ; ಅದನ್ನು ಉಳಿಸಬೇಕಾದವರು ಮಾತ್ರ ಕೊಳ್ಳುವ ನೀವೇ.

ಆದ್ದರಿಂದ ಚಿತ್ರ ಬರೆದವರು ಯಾರೆಂದು ಕೇಳಿ, ಸಾಧ್ಯವಾದರೆ ಅವರು ಕೆಲಸ ಮಾಡುವುದನ್ನು ಹೋಗಿ ನೋಡಿ. ಗೃಹಪ್ರವೇಶಕ್ಕೆ ಚಿತ್ರ ಬೇಕಿದ್ದರೆ ಬಹಳ ಮೊದಲೇ ತಿಳಿಸಿ, ಮುಂಗಡ ಕೊಡಿ. ಮುಹೂರ್ತ ಹತ್ತಿರ ಬಂತೆಂದು ಕಲಾವಿದರನ್ನು ಒತ್ತಾಯಿಸಬೇಡಿ. ಅವಸರದಲ್ಲಿ ಮೊದಲು ಕೆಡುವುದು ದೇವರ ಮುಖ. ಮುಂದೆ ದಿನವೂ ನೀವು ನೋಡಬೇಕಾದದ್ದು ಅದನ್ನೇ.

ಇಂತಿ,
ಮೈಸೂರು ಚಿತ್ರಕಲೆಯ ಒಬ್ಬ ಅಭಿಮಾನಿ